ಫೆಬ್ರವರಿ 1ಕ್ಕೆ ಮಲಗಿದ್ದು ಏಪ್ರಿಲ್ 1ಕ್ಕೆ ಎದ್ದಿದ್ದು ಹೇಗೆ? ಇ-ವೇ ಬಿಲ್ ಕಥೆಯಲ್ಲಿ ಅಂಗಡಿಯವರಿಗೂ ಲೆಕ್ಕ ಇದೆ

‘ಸರ್ವರ್ ಡೌನ್ ಇದೆ, ಮಧ್ಯಾಹ್ನದ ಮೇಲೆ ಬನ್ನಿ.’ ನಾಡಕಚೇರಿ ಇರಲಿ, ನೋಂದಣಿ ಕಚೇರಿ ಇರಲಿ, ನ್ಯಾಯಬೆಲೆ ಅಂಗಡಿ ಇರಲಿ, ಈ ಮಾತು ಕೇಳದ ತಾಲ್ಲೂಕಿನ ಜನ ಯಾರೂ ಇಲ್ಲ. ಮಳೆ ಬಂತು, ಕರೆಂಟ್ ಹೋಯ್ತು ಅನ್ನೋ ಹಾಗೆ ಸರ್ವರ್ ಡೌನ್ ಅನ್ನೋದೂ ದೇವರ ಆಟ ಅಂತ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಆದರೆ ಎಷ್ಟೋ ಸಲ ತಪ್ಪು ಸರ್ವರ್‌ದಲ್ಲ. ಯಾವ ದಿನಾಂಕಕ್ಕೆ ಶುರು ಮಾಡಬೇಕು, ಎಷ್ಟು ಜನರನ್ನ ಒಟ್ಟಿಗೆ ಒಳಗೆ ಬಿಡಬೇಕು, ಹಳೇ ವ್ಯವಸ್ಥೆಯನ್ನ ಯಾವಾಗ ಮುಚ್ಚಬೇಕು ಅಂತ ಕೂತು ನಿರ್ಧಾರ ಮಾಡಿದವರದ್ದು. ಇದಕ್ಕೆ ಇಂಗ್ಲಿಷ್‌ನಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತ ದೊಡ್ಡ ಹೆಸರಿದೆ. ವಿಷಯ ಮಾತ್ರ ಮದುವೆ ಮನೆ ಓಡಾಡಿದ ಯಾರಿಗಾದರೂ ಅರ್ಥ ಆಗುವಂಥದ್ದೇ.

ಇದನ್ನ ನೋಡೋಕೆ ಬೆಂಗಳೂರಿನ ಐಟಿ ಪಾರ್ಕ್‌ಗೆ ಹೋಗಬೇಕಿಲ್ಲ. ಮಂಡಿಯಿಂದ ಹೊರಡೋ ಲಾರಿ ಡ್ರೈವರ್ ಜೇಬಲ್ಲಿರೋ ಇ-ವೇ ಬಿಲ್ ಸಾಕು.

ಇ-ವೇ ಬಿಲ್ ಅಂದ್ರೆ ಏನು ಅಂತ ವ್ಯಾಪಾರಸ್ಥರಿಗೆ ಹೇಳಿಕೊಡಬೇಕಿಲ್ಲ. ಉಳಿದವರಿಗಾಗಿ ಇಷ್ಟು: 50 ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ತೆರಿಗೆ ಇರೋ ಸರಕು ವಾಹನದಲ್ಲಿ ಹೋಗಬೇಕಾದರೆ ಮೊದಲೇ ವೆಬ್‌ಸೈಟ್‌ನಲ್ಲಿ ವಿವರ ತುಂಬಿ ಒಂದು ನಂಬರ್ ತಗೋಬೇಕು. ಮೊದಲ ಭಾಗದಲ್ಲಿ ಸರಕು, ಬಿಲ್ಲು, ಕಳಿಸುವವರು, ತಗೊಳ್ಳುವವರ ವಿವರ. ಎರಡನೇ ಭಾಗದಲ್ಲಿ ಗಾಡಿ ನಂಬರ್. ದಾರಿಯಲ್ಲಿ ತೆರಿಗೆ ಅಧಿಕಾರಿ ಗಾಡಿ ನಿಲ್ಲಿಸಿದರೆ ಆ ನಂಬರ್ ತೋರಿಸಬೇಕು. ಶಿವಮೊಗ್ಗದ ಅಡಿಕೆ ಗುಜರಾತಿಗೆ ಹೋಗಲಿ, ಬ್ಯಾಡಗಿ ಮೆಣಸಿನಕಾಯಿ ಚೆನ್ನೈಗೆ ಹೋಗಲಿ, ಆ ನಂಬರ್ ಇಲ್ಲದೆ ಲಾರಿ ಗೇಟ್ ದಾಟೋ ಹಾಗಿಲ್ಲ.

ಕರ್ನಾಟಕಕ್ಕೆ ಇದು ಹೊಸದೇನೂ ಆಗಿರಲಿಲ್ಲ. ವ್ಯಾಟ್ ಕಾಲದಲ್ಲೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ’ ಅಂತ ಇದೇ ಥರದ ವ್ಯವಸ್ಥೆ ನಡೆಸುತ್ತಿತ್ತು. ಮಂಡಿ ಗುಮಾಸ್ತರಿಗೆ, ಟ್ರಾನ್ಸ್‌ಪೋರ್ಟ್ ಆಫೀಸ್ ಹುಡುಗರಿಗೆ ‘ಸುಗಮ ನಂಬರ್ ಬಂತಾ’ ಅಂತ ಕೇಳೋದು ದಿನದ ಮಾತಾಗಿತ್ತು. ಈ ಹಳೇ ಅಭ್ಯಾಸ ಮುಂದೆ ಎಷ್ಟು ಕೆಲಸಕ್ಕೆ ಬಂತು ಅನ್ನೋದೇ ಕಥೆಯ ಮುಖ್ಯ ಭಾಗ.

ದಿನಾಂಕ ಹಿಂದಕ್ಕೆ ಎಳೆದಿದ್ದು ಯಾರು?

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ರಾಜ್ಯಗಳ ಗಡಿ ಚೆಕ್‌ಪೋಸ್ಟ್‌ಗಳು ಒಂದೊಂದಾಗಿ ಎದ್ದುಹೋದವು. ಅವುಗಳ ಜಾಗಕ್ಕೆ ಬರಬೇಕಾಗಿದ್ದೇ ಇ-ವೇ ಬಿಲ್. 2017ರ ಅಕ್ಟೋಬರ್ 6ರ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ಒಂದು ಸಮಾಧಾನದ ಯೋಜನೆ ಹಾಕಿತ್ತು. 2018ರ ಜನವರಿ 1ರಿಂದ ಹಂತ ಹಂತವಾಗಿ ಶುರು, ಏಪ್ರಿಲ್ 1ರಿಂದ ದೇಶಕ್ಕೆಲ್ಲ. ಅಷ್ಟರಲ್ಲಾಗಲೇ ಅಂದರೆ 2017ರ ಸೆಪ್ಟೆಂಬರ್‌ನಲ್ಲೇ ಕರ್ನಾಟಕ ಹೊಸ ಇ-ವೇ ಬಿಲ್ ಬಳಸೋಕೆ ಶುರು ಮಾಡಿತ್ತು. ಇಡೀ ದೇಶಕ್ಕೆ ಇದೇ ಪ್ರಯೋಗದ ಗದ್ದೆ.

ಆದರೆ ಆ ಹೊತ್ತಿಗೆ ಜಿಎಸ್‌ಟಿ ಸಂಗ್ರಹ ತಿಂಗಳಿಗೆ 80 ಸಾವಿರ ಕೋಟಿ ಆಸುಪಾಸಿಗೆ ಇಳಿದಿತ್ತು. ಬಿಲ್ ಇಲ್ಲದೆ ಸರಕು ಓಡಾಡ್ತಿದೆ ಅನ್ನೋ ಅನುಮಾನ ಸರ್ಕಾರಗಳಿಗೆ ಬಂತು. ಡಿಸೆಂಬರ್ 16ರ ಸಭೆಯಲ್ಲಿ ಯೋಜನೆ ಬದಲಾಯ್ತು. ಜನವರಿ 16ರಿಂದ ಪ್ರಾಯೋಗಿಕ, ಫೆಬ್ರವರಿ 1ರಿಂದ ಅಂತರರಾಜ್ಯ ಸಾಗಣೆಗೆ ದೇಶದಾದ್ಯಂತ ಕಡ್ಡಾಯ. ಎರಡು ತಿಂಗಳು ಮುಂಚೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ದಿನಾಂಕ ಮುಂಚೆ ಆಗಿದ್ದು ಸಾಫ್ಟ್‌ವೇರ್ ಬೇಗ ಸಿದ್ಧವಾಯ್ತು ಅಂತಲ್ಲ, ಖಜಾನೆಗೆ ದುಡ್ಡು ಬೇಕಾಗಿತ್ತು ಅಂತ. ಕಾರಣ ಸುಳ್ಳಲ್ಲ, ಅಗತ್ಯವೂ ಇತ್ತು. ಆದರೆ ಅಗತ್ಯ ಎಷ್ಟೇ ಇದ್ದರೂ ಅದು ಕೆಲಸ ಮುಗಿಯೋ ವೇಗವನ್ನ ಹೆಚ್ಚಿಸೋದಿಲ್ಲ. ಮನೆ ಕಟ್ಟಿಸೋರಿಗೆ ಗೊತ್ತು. ಗೃಹಪ್ರವೇಶದ ಮುಹೂರ್ತ ಹಿಂದಕ್ಕೆ ಎಳೆದ ಮಾತ್ರಕ್ಕೆ ಮೋಲ್ಡಿಂಗ್ ಬೇಗ ಒಣಗಲ್ಲ.

ಫೆಬ್ರವರಿ 1 ಬಂತು. ವೆಬ್‌ಸೈಟ್ ಮಲಗಿಬಿಟ್ಟಿತು. ಪುಟ ತೆರೆಯಲ್ಲ, ತೆರೆದರೆ ನಂಬರ್ ಬರಲ್ಲ. ಲೋಡ್ ಆದ ಲಾರಿಗಳು ಗೋಡೌನ್ ಮುಂದೆ ನಿಂತವು. ಕೇಂದ್ರ ಸರ್ಕಾರ ಅದೇ ದಿನ, ಪ್ರಾಯೋಗಿಕ ಅವಧಿ ವಿಸ್ತರಿಸಿದ್ದೇವೆ, ಸದ್ಯಕ್ಕೆ ಬಿಲ್ ಕಡ್ಡಾಯವಲ್ಲ ಅಂತ ಘೋಷಿಸಬೇಕಾಯ್ತು.

ಕಾರಣ ಏನು? ಜನವರಿ 16ರಿಂದ 31ರವರೆಗೆ ಪ್ರಾಯೋಗಿಕ ಅವಧಿ ಇತ್ತಲ್ಲ ಅಂತ ಕೇಳಬಹುದು. ಇತ್ತು, ಆದರೆ ಬಳಸೋದು ಐಚ್ಛಿಕ. ನಾಳೆ ಕಡ್ಡಾಯ ಆಗೋದನ್ನ ಇವತ್ತೇ ಮಾಡೋ ವ್ಯಾಪಾರಿ ಎಷ್ಟು ಜನ? ಕಡ್ಡಾಯದ ದಿನ ಎಲ್ಲರೂ ಒಟ್ಟಿಗೆ ಬಂದರು. ಸಾಲದ್ದಕ್ಕೆ ಕೆಲವು ರಾಜ್ಯಗಳು ಅಂತರರಾಜ್ಯ ಅಷ್ಟೇ ಅಲ್ಲ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಇಟ್ಟುಕೊಂಡಿದ್ದವು. ನೂರು ಎಲೆ ಹಾಕಿ ರುಚಿ ನೋಡಿ, ಮಾರನೇ ದಿನ ಹತ್ತು ಸಾವಿರ ಎಲೆ ಹಾಕಿದ ಹಾಗಾಯ್ತು. ರುಚಿ ಸರಿ ಇದೆಯಾ ಅನ್ನೋದು ಒಂದು ಪರೀಕ್ಷೆ. ಅಷ್ಟು ಜನಕ್ಕೆ ಒಲೆ, ಪಾತ್ರೆ, ಬಡಿಸೋರು ಸಾಕಾ ಅನ್ನೋದು ಬೇರೆಯೇ ಪರೀಕ್ಷೆ. ಐಟಿ ಕೆಲಸದಲ್ಲಿ ಎರಡನೆಯದಕ್ಕೆ ಲೋಡ್ ಟೆಸ್ಟಿಂಗ್ ಅಂತಾರೆ.

ಆಮೇಲೆ ನಡೆದಿದ್ದು ನೋಡಿ. ಬಿಹಾರದ ಸುಶೀಲ್ ಮೋದಿ ನೇತೃತ್ವದ ಸಚಿವರ ಸಮಿತಿ ಕೂತು ಲೆಕ್ಕ ಹಾಕಿತು. ದಿನಕ್ಕೆ 75 ಲಕ್ಷ ಬಿಲ್ ತಡೆಯುವಷ್ಟು ಸಾಮರ್ಥ್ಯ ಸಿದ್ಧಪಡಿಸಲಾಗಿದೆ ಅಂತ ಹೇಳಲಾಯಿತು. ಅಂತರರಾಜ್ಯ ಸಾಗಣೆಗೆ ಮಾತ್ರ ಮೊದಲು, ಅದೂ ಏಪ್ರಿಲ್ 1ರಿಂದ ಅಂತ ಶಿಫಾರಸು ಆಯ್ತು. ಮಾರ್ಚ್ 10ರಂದು ಮಂಡಳಿ ಒಪ್ಪಿತು. ರಾಜ್ಯದೊಳಗಿನ ಸಾಗಣೆಗೆ ಏಪ್ರಿಲ್ 1ಕ್ಕೆ ಇಳಿದಿದ್ದು ಒಂದೇ ಒಂದು ರಾಜ್ಯ, ಅದು ಕರ್ನಾಟಕ. ಏಪ್ರಿಲ್ 15ಕ್ಕೆ ಆಂಧ್ರ, ತೆಲಂಗಾಣ, ಕೇರಳ, ಗುಜರಾತ್, ಉತ್ತರ ಪ್ರದೇಶ. ಏಪ್ರಿಲ್ 20ಕ್ಕೆ ಇನ್ನೊಂದಷ್ಟು. ಹೀಗೆ ಜೂನ್ ಹೊತ್ತಿಗೆ ಎಲ್ಲ ರಾಜ್ಯ ಮುಗೀತು. ಈ ಸಲ ವೆಬ್‌ಸೈಟ್ ನಿಂತುಕೊಂಡಿತು. ಈಗ ದೇಶದಲ್ಲಿ ತಿಂಗಳಿಗೆ 10 ಕೋಟಿಗೂ ಹೆಚ್ಚು ಇ-ವೇ ಬಿಲ್ ಆಗುತ್ತಿವೆ.

ತಮಾಷೆ ಏನಂದ್ರೆ ಕೊನೆಗೆ ಕೆಲಸ ಆಗಿದ್ದು ಮೊದಲು ಅಕ್ಟೋಬರ್‌ನಲ್ಲಿ ಬರೆದಿಟ್ಟಿದ್ದ ಏಪ್ರಿಲ್ 1ಕ್ಕೇ. ಎರಡು ತಿಂಗಳು ಉಳಿಸೋಕೆ ಹೋಗಿ ಒಂದು ದಿನವೂ ಉಳೀಲಿಲ್ಲ.

ಕರ್ನಾಟಕ ಮೊದಲು ಇಳಿಯೋಕೆ ಧೈರ್ಯ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರ ಇ-ಸುಗಮದಲ್ಲಿದೆ. ಇಲ್ಲಿನ ಗುಮಾಸ್ತರ ಕೈ ಪಳಗಿತ್ತು. ಅಧಿಕಾರಿಗಳಿಗೂ ಗಾಡಿ ನಿಲ್ಲಿಸಿ ಏನು ಕೇಳಬೇಕು ಅಂತ ಗೊತ್ತಿತ್ತು. ಕಂಪ್ಯೂಟರ್ ಕೆಲಸದಲ್ಲಿ ಅರ್ಧ ಪಾಲು ಕಂಪ್ಯೂಟರಿನ ಎದುರು ಕೂತಿರೋ ಮನುಷ್ಯನದ್ದು. ಅವನಿಗೆ ಕಲಿಸೋಕೆ ಎಷ್ಟು ದಿನ ಬೇಕು ಅನ್ನೋದು ಟೆಂಡರ್ ಕಾಗದದಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿರುತ್ತೆ.

ಅಳತೆ ಕೊಡದೆ ಅಂಗಿ ಹೊಲಿಸಿದ್ದು

ಇ-ವೇ ಬಿಲ್‌ದು ದಿನಾಂಕದ ಸಮಸ್ಯೆ. ಅದರ ಅಣ್ಣ ಜಿಎಸ್‌ಟಿ ಪೋರ್ಟಲ್‌ದು ಬೇರೆ ಸಮಸ್ಯೆ. ಆ ಪೋರ್ಟಲ್ ಕಟ್ಟೋ ಗುತ್ತಿಗೆ ಇನ್ಫೋಸಿಸ್‌ಗೆ ಸಿಕ್ಕಿದ್ದು 2015ರ ಸೆಪ್ಟೆಂಬರ್‌ನಲ್ಲಿ, ಸುಮಾರು 1,380 ಕೋಟಿ ರೂಪಾಯಿಗೆ. ಆದರೆ ಜಿಎಸ್‌ಟಿ ಕಾನೂನು ಸಂಸತ್ತಿನಲ್ಲಿ ಪಾಸಾಗಿ ರಾಷ್ಟ್ರಪತಿ ಅಂಕಿತ ಬಿದ್ದಿದ್ದು 2017ರ ಏಪ್ರಿಲ್‌ನಲ್ಲಿ. ಯಾವ ವಸ್ತುವಿಗೆ ಎಷ್ಟು ತೆರಿಗೆ ಅಂತ ಹೆಚ್ಚಿನ ಪಾಲು ತೀರ್ಮಾನ ಆಗಿದ್ದು ಮೇ ತಿಂಗಳ ಶ್ರೀನಗರ ಸಭೆಯಲ್ಲಿ. ಜುಲೈ 1ಕ್ಕೆ ಜಾರಿ. ಅಂದ್ರೆ ಬಟ್ಟೆ ಕೊಟ್ಟು ಒಂದೂವರೆ ವರ್ಷ ಆದ ಮೇಲೆ ಟೈಲರ್‌ಗೆ ಅಳತೆ ಸಿಕ್ಕಿದ್ದು, ಹಬ್ಬಕ್ಕೆ ಉಳಿದಿದ್ದು ಎರಡು ತಿಂಗಳು.

ಮೂಲ ಯೋಜನೆ ಪ್ರಕಾರ ಪ್ರತಿ ತಿಂಗಳು ಮೂರು ರಿಟರ್ನ್. ಮಾರಾಟಕ್ಕೆ ಜಿಎಸ್‌ಟಿಆರ್-1, ಖರೀದಿಗೆ ಜಿಎಸ್‌ಟಿಆರ್-2, ಎರಡೂ ಸೇರಿ ಜಿಎಸ್‌ಟಿಆರ್-3. ಮಾರಿದವರ ಬಿಲ್ಲು, ಕೊಂಡವರ ಬಿಲ್ಲು ಕಂಪ್ಯೂಟರೇ ತಾಳೆ ನೋಡಬೇಕು. ಕಾಗದದ ಮೇಲೆ ಚಂದ. ಮೊದಲ ತಿಂಗಳೇ ತಾತ್ಕಾಲಿಕ ಅಂತ ಜಿಎಸ್‌ಟಿಆರ್-3ಬಿ ಅನ್ನೋ ಸರಳ ನಮೂನೆ ತರಬೇಕಾಯ್ತು. ಅದಕ್ಕೂ ಆಗಸ್ಟ್ 20 ಕೊನೇ ದಿನ ಇದ್ದಿದ್ದು, ಹಿಂದಿನ ದಿನವೇ ಪೋರ್ಟಲ್ ಕೈಕೊಟ್ಟಿದ್ದರಿಂದ 25ಕ್ಕೆ ಹೋಯ್ತು. ನವೆಂಬರ್ 10ರ ಗುವಾಹಟಿ ಸಭೆಯಲ್ಲಿ ಎರಡು ಮತ್ತು ಮೂರನೇ ನಮೂನೆಯನ್ನ ಬದಿಗಿಟ್ಟರು. ಅವು ಮತ್ತೆ ಬರಲೇ ಇಲ್ಲ. ತಾತ್ಕಾಲಿಕ ಅಂತ ಬಂದ 3ಬಿಯನ್ನ ಅಕೌಂಟೆಂಟ್‌ಗಳು ಇವತ್ತಿಗೂ ತುಂಬುತ್ತಿದ್ದಾರೆ. 2019ರಲ್ಲಿ ಮಹಾಲೇಖಪಾಲರ ವರದಿ ಇದೇ ವಿಷಯ ಎತ್ತಿತು. ಎರಡು ವರ್ಷ ಕಳೆದರೂ ಬಿಲ್ ತಾಳೆ ನೋಡೋ ವ್ಯವಸ್ಥೆ ಬಂದಿಲ್ಲ, ರಿಟರ್ನ್‌ನ ಗೋಜಲು ಮತ್ತು ತಾಂತ್ರಿಕ ತೊಂದರೆಯೇ ಕಾರಣ ಅಂತ.

ಕೆಲಸ ತಡ ಆಗ್ತಿದೆ ಅಂತ ಗೊತ್ತಾದ ಕೂಡಲೇ ಯಾರಾದರೂ ಹೇಳೋ ಮಾತು: ಇನ್ನಷ್ಟು ಜನ ಹಾಕಿ. ಐಬಿಎಂ ಕಂಪನಿಯಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನೋಡಿಕೊಂಡಿದ್ದ ಫ್ರೆಡರಿಕ್ ಬ್ರೂಕ್ಸ್ ಅನ್ನೋರು 1975ರಲ್ಲೇ ಪುಸ್ತಕ ಬರೆದು ಇದರ ತಪ್ಪು ತೋರಿಸಿದ್ದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡ ಆಗುತ್ತೆ ಅನ್ನೋದು ಅವರ ಅನುಭವ. ಬಡಿಸೋ ಹೊತ್ತಿಗೆ ಹತ್ತು ಜನ ಹೊಸ ಅಡುಗೆಯವರು ಬಂದರೆ ಉಪ್ಪೆಲ್ಲಿ, ಸೌಟೆಲ್ಲಿ ಅಂತ ಹಳಬರನ್ನೇ ಕೇಳ್ತಾರೆ. ಹಳಬರ ಕೈಯೂ ನಿಲ್ಲುತ್ತೆ. ಸರ್ಕಾರಿ ಸಭೆಗಳಲ್ಲಿ ಮಾತ್ರ ಈಗಲೂ ‘ಎಷ್ಟು ಜನ ಹಾಕಿದ್ದೀರಿ’ ಅನ್ನೋದೇ ಮೊದಲ ಪ್ರಶ್ನೆ.

ಹಳೇ ಅಂಗಡಿಗೆ ಬೀಗ ಹಾಕಿದ ಮೇಲೆ

ಇನ್ನೊಂದು ಘಟನೆ ಸಂಬಳದಾರರಿಗೂ ನೆನಪಿರುತ್ತೆ. ಆದಾಯ ತೆರಿಗೆಯ ಹೊಸ ಪೋರ್ಟಲ್. 2019ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 4,242 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ರಿಟರ್ನ್ ಪರಿಶೀಲನೆಗೆ ಹಿಡಿಯುತ್ತಿದ್ದ 63 ದಿನವನ್ನ ಒಂದೇ ದಿನಕ್ಕೆ ಇಳಿಸೋ ಗುರಿ. ಕಟ್ಟಿದ್ದು ಇನ್ಫೋಸಿಸ್. 2021ರ ಜೂನ್ 1ರಿಂದ 6ರವರೆಗೆ ಹಳೇ ಪೋರ್ಟಲ್ ಬಂದ್ ಮಾಡಿ, 7ಕ್ಕೆ ಹೊಸದನ್ನ ತೆರೆದರು. ಮಾರನೇ ದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿಯನ್ನೂ ನಂದನ್ ನಿಲೇಕಣಿ ಅವರನ್ನೂ ಹೆಸರಿಸಿ ಟ್ವಿಟರ್‌ನಲ್ಲಿ ಬಹಿರಂಗವಾಗಿ ಕೇಳಬೇಕಾಯ್ತು. ಆಗಸ್ಟ್ 21, 22ರಂದು ಪೋರ್ಟಲ್ ಪೂರ್ತಿ ನಿಂತಿತು. 23ಕ್ಕೆ ಕಂಪನಿ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನ ಕರೆಸಿ, ಸೆಪ್ಟೆಂಬರ್ 15ರೊಳಗೆ ಸರಿ ಮಾಡಿ ಅಂತ ಗಡುವು ಕೊಟ್ಟರು. ಜುಲೈ 31ಕ್ಕೆ ಮುಗಿಯಬೇಕಿದ್ದ ರಿಟರ್ನ್ ಸಲ್ಲಿಕೆ ಮುಂದಕ್ಕೆ ಹೋಗಿ ಹೋಗಿ ಡಿಸೆಂಬರ್ 31ಕ್ಕೆ ನಿಂತಿತು. ಇದರಲ್ಲಿ ಕೋವಿಡ್‌ನ ಪಾಲೂ ಇತ್ತು ಅನ್ನೋದು ಬೇರೆ ಮಾತು.

ಬೈಗುಳವೆಲ್ಲ ಕಂಪನಿಗೆ ಬಿತ್ತು. ಬೀಳಬೇಕಾದ್ದೇ. ಆದರೆ ಹಳೆಯದನ್ನ ಪೂರ್ತಿ ಮುಚ್ಚಿ ಹೊಸದನ್ನ ತೆರೀಬೇಕು ಅನ್ನೋ ದಾರಿಗೆ ಇಲಾಖೆಯ ಒಪ್ಪಿಗೆಯೂ ಬೇಕಲ್ಲ? ಎರಡೂ ಕೆಲವು ವಾರ ಜೊತೆಯಲ್ಲಿ ನಡೆದಿದ್ದರೆ ಹೊಸದು ಎಡವಿದಾಗ ಜನ ಹಳೆಯದಕ್ಕೆ ಹೋಗಬಹುದಿತ್ತು. ಬಜಾರಿನಲ್ಲಿ ಅಂಗಡಿ ಜಾಗ ಬದಲಾಯಿಸೋರು ಹೊಸ ಜಾಗದಲ್ಲಿ ರ‍್ಯಾಕ್ ಜೋಡಿಸಿ, ದೀಪ ಹಚ್ಚಿ ನೋಡೋ ತನಕ ಹಳೇ ಮಳಿಗೆಯ ಬೀಗದ ಕೈ ಮಾಲೀಕರಿಗೆ ವಾಪಸ್ ಕೊಡಲ್ಲ.

ಸರ್ಕಾರ ಏನೂ ಕಲಿಯಲಿಲ್ಲ ಅಂದರೆ ಅನ್ಯಾಯ. ವ್ಯಾಪಾರಿಯಿಂದ ವ್ಯಾಪಾರಿಗೆ ಹೋಗೋ ಬಿಲ್ಲಿಗೆ ಇ-ಇನ್‌ವಾಯ್ಸ್ ತಂದ ರೀತಿ ನೋಡಿದರೆ ಗೊತ್ತಾಗುತ್ತೆ. 2020ರ ಅಕ್ಟೋಬರ್ 1ರಿಂದ 500 ಕೋಟಿ ವಹಿವಾಟು ಮೀರಿದ ಕಂಪನಿಗಳಿಗೆ ಮಾತ್ರ. 2021ರ ಜನವರಿಗೆ 100 ಕೋಟಿ, ಏಪ್ರಿಲ್‌ಗೆ 50 ಕೋಟಿ. 2022ರ ಏಪ್ರಿಲ್‌ಗೆ 20 ಕೋಟಿ, ಅಕ್ಟೋಬರ್‌ಗೆ 10 ಕೋಟಿ. 2023ರ ಆಗಸ್ಟ್ 1ಕ್ಕೆ 5 ಕೋಟಿ. ಮೂರು ವರ್ಷ ಹಿಡಿಯಿತು, ಆದರೆ ಫೆಬ್ರವರಿ 1ರಂಥ ದಿನ ಬರಲಿಲ್ಲ. ದೊಡ್ಡ ಕಂಪನಿಗಳಿಗೆ ತಮ್ಮದೇ ಐಟಿ ವಿಭಾಗ ಇರುತ್ತೆ, ತೊಂದರೆ ಆದರೆ ತಡಕೋತಾರೆ. ಅವರಲ್ಲಿ ಮುಳ್ಳು ಕಿತ್ತ ಮೇಲೆ ಸಣ್ಣವರನ್ನ ಕರೆದರು. ತಾಲ್ಲೂಕಿನ ಹೋಲ್‌ಸೇಲ್ ಅಂಗಡಿಯವರ ಸರದಿ ಬರೋ ಹೊತ್ತಿಗೆ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲೇ ಆ ಸೌಲಭ್ಯ ಸೇರಿಹೋಗಿತ್ತು.

ಕೌಂಟರ್ ಮೇಲಿನ ಪ್ರಾಜೆಕ್ಟ್

ಇಷ್ಟೆಲ್ಲ ದಿಲ್ಲಿ ಮಾತು ಕಿರಾಣಿ ಅಂಗಡಿಗೆ ಯಾಕೆ? ಯಾಕಂದ್ರೆ ಅಂಗಡಿಗೆ ಮೊದಲ ಸಲ ಕಂಪ್ಯೂಟರ್ ಬಿಲ್ಲಿಂಗ್ ಹಾಕಿಸೋದೂ ಇದೇ ಥರದ ಪ್ರಾಜೆಕ್ಟು. ಕೋಟಿ ಬದಲು ಸಾವಿರ ಅಷ್ಟೇ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಸರಿಯಾದ ಬಿಲ್ಲು-ಲೆಕ್ಕದ ಪ್ರಶ್ನೆ ಬೇಕರಿ, ಬೀಡಾ ಅಂಗಡಿಯ ಬಾಗಿಲಿಗೂ ಬಂದಿದೆ.

ತಪ್ಪುಗಳೂ ಅವೇ. ಯುಗಾದಿಗೋ ದೀಪಾವಳಿಗೋ ಒಳ್ಳೇ ದಿನ ಅಂತ ಹೊಸ ಬಿಲ್ಲಿಂಗ್ ಶುರು ಮಾಡೋದು ಫೆಬ್ರವರಿ 1ರ ತಪ್ಪಿನ ಚಿಕ್ಕ ರೂಪ. ವರ್ಷದಲ್ಲೇ ಅತಿ ಹೆಚ್ಚು ಗಿರಾಕಿ ಇರೋ ದಿನ ಹುಡುಗ ಕೀಬೋರ್ಡ್‌ನಲ್ಲಿ ತೊಗರಿಬೇಳೆ ಹುಡುಕ್ತಾ ಕೂತರೆ ಗಿರಾಕಿ ಎದುರಂಗಡಿಗೆ ಹೋಗ್ತಾನೆ. ಪೂಜೆ ಹಬ್ಬದ ದಿನ ಮಾಡಿ, ಬಿಲ್ ಹಾಕೋದನ್ನ ಆಷಾಢದ ಖಾಲಿ ಮಂಗಳವಾರ ಶುರು ಮಾಡಿದರೆ ಯಾವ ದೇವರೂ ಬೇಸರ ಮಾಡ್ಕೊಳಲ್ಲ.

ಎರಡನೇದು ಸರಕಿನ ಪಟ್ಟಿ. ಸಾಫ್ಟ್‌ವೇರ್ ಮಾರೋರು ಹತ್ತು ವಸ್ತು ಇಟ್ಟು ತೋರಿಸ್ತಾರೆ, ಚಕಚಕ ಅಂತ ಬಿಲ್ ಬರುತ್ತೆ. ಅಂಗಡಿಯಲ್ಲಿರೋದು ಎರಡು ಮೂರು ಸಾವಿರ ಬಗೆ. ಒಂದೊಂದರ ಹೆಸರು, ತೂಕ, ಎಂಆರ್‌ಪಿ, ಎಚ್‌ಎಸ್‌ಎನ್ ಕೋಡ್, ತೆರಿಗೆ ದರ ತುಂಬಿಸೋದು ಯಾರು? ಮಾರಿದವರಾ, ಅಂಗಡಿಯವರಾ? ಬಿಡಿ ಸಕ್ಕರೆ, ಮೂಟೆ ಸಕ್ಕರೆ ಎರಡಕ್ಕೂ ದಾಸ್ತಾನು ಹೇಗೆ ಕಳೀಬೇಕು? ಸಾಲದ ಪುಸ್ತಕದಲ್ಲಿರೋ ಹಳೇ ಬಾಕಿ ಯಾರು ಏರಿಸ್ತಾರೆ? ಇದೇ ನಿಜವಾದ ಕೆಲಸ, ಸಾಫ್ಟ್‌ವೇರ್ ಹಾಕೋದು ಅರ್ಧ ಗಂಟೆ ಮಾತು. ಮುಂಗಡ ಕೊಡೋ ಮೊದಲೇ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಇಲ್ಲಾಂದ್ರೆ, ಆಮೇಲೆ ಪ್ರತಿಯೊಂದಕ್ಕೂ ‘ಅದು ಎಕ್ಸ್‌ಟ್ರಾ ಆಗುತ್ತೆ ಸಾರ್’ ಅನ್ನೋ ಉತ್ತರ ಬರುತ್ತೆ.

ಹೊಸ ಬಿಲ್ಲಿಂಗ್ ಬಂದ ದಿನವೇ ಹಳೇ ಪುಸ್ತಕ ಅಟ್ಟಕ್ಕೆ ಹಾಕೋದು ಜೂನ್ 7ರ ತಪ್ಪು. ಒಂದು ತಿಂಗಳು ಎರಡನ್ನೂ ಬರೆಯೋದು ಬೇಜಾರಿನ ಕೆಲಸವೇ. ಆದರೆ ರಾತ್ರಿ ಗಲ್ಲಾದ ದುಡ್ಡು, ಪುಸ್ತಕದ ಮೊತ್ತ, ಕಂಪ್ಯೂಟರ್ ಮೊತ್ತ ಮೂರೂ ಒಂದಾಗೋ ತನಕ ಕಂಪ್ಯೂಟರನ್ನ ನಂಬೋ ಹಾಗಿಲ್ಲ.

ಮತ್ತೆ ಪ್ರಾಜೆಕ್ಟ್ ಮುಗೀತು ಅನ್ನೋದೇ ಇಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಬದಲಾವಣೆ ಘೋಷಿಸಿತು, 22ಕ್ಕೆ ಜಾರಿ. 12 ಮತ್ತು 28ರ ದರದಲ್ಲಿದ್ದ ಹೆಚ್ಚಿನ ವಸ್ತುಗಳು 5 ಮತ್ತು 18ಕ್ಕೆ ಇಳಿದವು. ದೇಶದ ಪ್ರತಿ ಅಂಗಡಿಯ ಕಂಪ್ಯೂಟರಿಗೂ ಸಿಕ್ಕಿದ್ದು 19 ದಿನ. ಸೆಪ್ಟೆಂಬರ್ 21ರ ರಾತ್ರಿ ಹಳೇ ದರ, ಬೆಳಗ್ಗೆ ಹೊಸ ದರ. ವಾರ್ಷಿಕ ನಿರ್ವಹಣೆ ಒಪ್ಪಂದ ಅಂದ್ರೆ ಎಎಂಸಿ ಇದ್ದು, ಫೋನ್ ಎತ್ತೋ ಮನುಷ್ಯ ಇದ್ದ ಅಂಗಡಿಗೆ ಅದು ಸಣ್ಣ ಕೆಲಸ. ದುಡ್ಡು ಉಳಿಸೋಕೆ ಪೈರೇಟೆಡ್ ಹಾಕಿಸಿಕೊಂಡವರು ಸಾವಿರಾರು ವಸ್ತುವಿನ ದರವನ್ನ ಕೈಯಲ್ಲೇ ತಿದ್ದಬೇಕು. ಅದರಲ್ಲಿ ಒಂದು ತಪ್ಪಿದರೂ ಹೆಚ್ಚು ತೆರಿಗೆ ವಸೂಲಿ ಮಾಡಿದ ಲೆಕ್ಕ ಬೀಳೋದು ಅಂಗಡಿ ಮೇಲೆ, ಹಾಕಿಕೊಟ್ಟ ಹುಡುಗನ ಮೇಲಲ್ಲ.

ಹಾಗಾಗಿ ಬಿಲ್ಲಿಂಗ್ ಮಾರೋಕೆ ಬಂದವರಿಗೆ ಬೆಲೆ ಕೇಳೋ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇವೆ. ತೆರಿಗೆ ದರ ಬದಲಾದರೆ ಎಷ್ಟು ದಿನದಲ್ಲಿ ಅಪ್‌ಡೇಟ್ ಕೊಡ್ತೀರಿ, ಅದಕ್ಕೆ ಬೇರೆ ದುಡ್ಡಾ? ಇದೇ ಊರಲ್ಲಿ ಯಾವ ಅಂಗಡಿಗೆ ಹಾಕಿದ್ದೀರಿ, ಹೋಗಿ ನೋಡಬಹುದಾ? ಕಂಪ್ಯೂಟರ್ ಸುಟ್ಟುಹೋದರೆ ನಿನ್ನೆಯವರೆಗಿನ ಲೆಕ್ಕ ಎಲ್ಲಿರುತ್ತೆ? ನಾಳೆ ನಿಮ್ಮನ್ನ ಬಿಟ್ಟು ಬೇರೆಯವರ ಹತ್ತಿರ ಹೋದರೆ ಗಿರಾಕಿಗಳ ಬಾಕಿ ಪಟ್ಟಿ, ದಾಸ್ತಾನು ಎಕ್ಸೆಲ್‌ನಲ್ಲಿ ತೆಗೆದುಕೊಡ್ತೀರಾ? ಕೊನೇ ಪ್ರಶ್ನೆಗೆ ಮಾರೋರು ತಡವರಿಸಿದರೆ ಮುಂಗಡದ ಚೆಕ್ ಬರೆಯೋದನ್ನ ಒಂದು ವಾರ ಮುಂದಕ್ಕೆ ಹಾಕೋದೇ ವಾಸಿ.